ಟವೆಲ್ ಕೊಡವಿದ ಮೇಲಿನ ನಾಲ್ಕು ನಿಮಿಷ

"ಮೇಡಂ, ಈ ನಕ್ಷೆ ತಪ್ಪು. ಬರ್ಕೊಟ್ಟೋಳೂ ನಾನೇ, ತಪ್ಪು ಅಂತಿರೋಳೂ ನಾನೇ."

ಮೋನಿಷಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಇನ್ಸ್‌ಪೆಕ್ಟರ್ ಅನಸೂಯ ಬಾಯಿಗೆ ಒಯ್ದಿದ್ದ ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ಠಾಣೆಯ ಗೋಡೆ ಗಡಿಯಾರದಲ್ಲಿ ಬೆಳಗಿನ ಏಳೂವರೆ.

ಸೂಲಗುಂಟೆಯ ಕೃಷಿ ಹೊಂಡದಲ್ಲಿ ಅಮರ್ ಎಂಬ ಸರ್ವೆ ಹುಡುಗ ಮುಳುಗಿ ಸತ್ತು ನಲವತ್ತೇಳು ದಿನವಾಗಿತ್ತು; ಅವನನ್ನು ನೂಕಲು ಊರಿನವರಿಗೆ ಸನ್ನೆ ಕೊಟ್ಟನೆಂಬ ಆರೋಪದ ಮೇಲೆ ಅರವತ್ತೆರಡು ವರ್ಷದ ಆವಲಪ್ಪ ಜೈಲಿನಲ್ಲಿದ್ದ. ಒಳಗೆ ಹಾಕಿಸಿದವಳು ಅನಸೂಯ. ಹಾಕಿಸಲು ಅವಳ ಕೈಲಿದ್ದ ಗಟ್ಟಿ ಆಧಾರ ಈ ನಕ್ಷೆ ಒಂದೇ.

ಊರಿನವರು ಬಾಯಿ ಬಿಟ್ಟಿದ್ದರೆ ನಕ್ಷೆಯ ಗೊಡವೆಯೇ ಬೇಕಿರಲಿಲ್ಲ. ಕೇಳಿದವರೆಲ್ಲ ತಾವು ಹಿಂದೆ ಇದ್ದೆವು ಎಂದರು. ಮೂವತ್ತೊಂದು ಜನವೂ ಹಿಂದೆಯೇ ಇದ್ದರೆ ಮುಂದೆ ಇದ್ದದ್ದು ಯಾರೋ ದೇವರಿಗೇ ಗೊತ್ತು. ಮಾತಾಡಿದ್ದು ಅಮರನ ಡ್ರೋನ್ ಮಾತ್ರ. ಗೋಮಾಳದ ಅಳತೆಗೆಂದು ಹಾರಿದ್ದ ಅದು ಊರಿನವರು ಅವನನ್ನು ಸುತ್ತುಗಟ್ಟಿದ ಹನ್ನೊಂದು ನಿಮಿಷವನ್ನೂ ಮೇಲಿನಿಂದ ಚಿತ್ರ ತೆಗೆದಿತ್ತು. ಶಬ್ದವಿಲ್ಲ, ಮುಖವಿಲ್ಲ, ಬರೀ ತಲೆಗಳು. ಹೊಂಡದ ಅಂಚಿನ ಮೇಲೆ ಹಸಿರು ನೆರಳುಪರದೆ ಇದ್ದದ್ದರಿಂದ ಅಮರ್ ಬಿದ್ದ ಗಳಿಗೆ ಅದಕ್ಕೂ ಕಂಡಿರಲಿಲ್ಲ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುವ ಮೋನಿಷಾ ಆ ತಲೆಗಳಿಗೆ ನಂಬರು ಕೊಟ್ಟಿದ್ದಳು. ಊರಿನವರು ಮೂವತ್ತೊಂದು ಕಪ್ಪು ಚುಕ್ಕೆ, ಅಮರ್ ಒಂದು ಕೆಂಪು ಚುಕ್ಕೆ. ಯಾವ ಚುಕ್ಕೆ ಕದಲಿದ ಮೇಲೆ ಯಾವ ಚುಕ್ಕೆ ಕದಲುತ್ತದೆ, ಯಾವುದು ತಿರುಗಿದರೆ ಯಾವುದು ತಿರುಗುತ್ತದೆ ಎಂಬುದನ್ನಷ್ಟೇ ಹಿಡಿದು, ಯಾರು ಯಾರ ಹಿಂದೆ ಹೋಗುವವರು ಎಂದು ಗೆರೆ ಎಳೆಯುವುದು ಅವಳ ವಿದ್ಯೆ. ಹಕ್ಕಿ ಹಿಂಡಿನ ಮೇಲೆ ನಡೆಸುತ್ತಿದ್ದ ಲೆಕ್ಕವನ್ನು ಅನಸೂಯಳ ಒತ್ತಾಯಕ್ಕೆ ಮನುಷ್ಯರ ಮೇಲೆ ನಡೆಸಿದ್ದಳು. ಗೆರೆಗಳೆಲ್ಲ ಹೋಗಿ ಸೇರಿದ್ದು ಒಂದೇ ಚುಕ್ಕೆಗೆ. ಹೆಗಲ ಮೇಲಿನ ಬಿಳಿ ಟವೆಲಿನಿಂದ ಗುರುತು ಸಿಕ್ಕ ಆ ಚುಕ್ಕೆಯೇ ಆವಲಪ್ಪ.

"ಏನು ತಪ್ಪಾಗಿದೆ?"

"ಹನ್ನೊಂದು ನಿಮಿಷಾನೂ ಸೇರಿಸಿ ಒಂದೇ ಮುದ್ದೆ ಕಟ್ಬಿಟ್ಟೆ ಮೇಡಂ. ಕೊನೇವರೆಗೂ ಜನ ಒಬ್ಬರ ಹಿಂದೇನೇ ಹೋಗ್ತಾರೆ ಅಂದ್ಕೊಂಡೆ. ನಿನ್ನೆ ನಿಮಿಷ ನಿಮಿಷ ಬಿಡಿಸಿ ನೋಡ್ದೆ."

ಅವಳು ಎರಡು ಚಿತ್ರಗಳನ್ನು ಅಕ್ಕಪಕ್ಕ ತೆರೆದಳು. ಮೊದಲಿನದು ಹಳೆಯದರಂತೆಯೇ ಇತ್ತು, ಗೆರೆಗಳೆಲ್ಲ ಆವಲಪ್ಪನ ಕಡೆಗೆ. ಅದು ಏಳನೇ ನಿಮಿಷದವರೆಗಿನದು. ಎರಡನೆಯದರಲ್ಲಿ, ಉಳಿದ ನಾಲ್ಕು ನಿಮಿಷಗಳಲ್ಲಿ, ಆವಲಪ್ಪನ ಚುಕ್ಕೆಗೆ ಗೆರೆಗಳೇ ಇರಲಿಲ್ಲ. ಅವೆಲ್ಲ ಹತ್ತೊಂಬತ್ತನೇ ನಂಬರಿಗೆ ಹೋಗಿ ಮುತ್ತಿಕೊಂಡಿದ್ದವು. ಏಳು ನಿಮಿಷದ ತೂಕ ನಾಲ್ಕು ನಿಮಿಷದ ಮೇಲೆ ಕೂತು ಅದನ್ನು ಮುಚ್ಚಿಹಾಕಿತ್ತು.

"ಬದಲಾಗಿದ್ದು ಯಾವಾಗ?" ಎಂದು ಅನಸೂಯ ಕೇಳಿದಳು. ಉತ್ತರ ಅವಳಿಗಾಗಲೇ ಹೊಳೆದಿತ್ತು. ಹೊಳೆಯಬಾರದಿತ್ತು ಎನಿಸಿತು.

"ಆವಲಪ್ಪ ಟವೆಲ್ ಬೀಸಿದ್ರಲ್ಲ, ಆಗ."

ಆ ಟವೆಲನ್ನು ಅನಸೂಯ ನೂರು ಸಲ ನೋಡಿದ್ದಳು. ಏಳನೇ ನಿಮಿಷಕ್ಕೆ ಚಿತ್ರದಲ್ಲಿ ಫಳ್ಳೆಂದು ಬಿಳಿ ಮಿಂಚುತ್ತಿತ್ತು. ಮೊದಲು ಬೆರಳಿಟ್ಟು ತೋರಿಸಿದವನು ವಿಜಯ್, ಅಮರನ ಜೊತೆಗಾರ. ಇಬ್ಬರೂ ಸೇರಿ ಅರಿಶಿನಕುಂಟೆಯಲ್ಲಿ ಡ್ರೋನ್ ಸರ್ವೆ ಕಚೇರಿ ಇಟ್ಟಿದ್ದರು. ಬ್ಯಾಟರಿ ಮುಗಿಯುವ ಹೊತ್ತಿಗೆ ಡ್ರೋನ್ ಹೊರಟ ಜಾಗಕ್ಕೇ ಬಂದು ಇಳಿದಿತ್ತಂತೆ. ಸುದ್ದಿ ಕೇಳಿ ಓಡಿಬಂದ ವಿಜಯ್ ಅದನ್ನು ಎತ್ತಿಕೊಂಡು ಹೋಗಿ, ಮಾರನೆಯ ದಿನ ಪೆನ್‌ಡ್ರೈವ್ ತಂದು ಇದೇ ಮೇಜಿನ ಮುಂದೆ ಕೂತು ಅತ್ತಿದ್ದ. ಟವೆಲ್ ಬೀಸಿ ಸನ್ನೆ ಮಾಡ್ತಿದಾನೆ ನೋಡಿ ಮೇಡಂ ಎಂದಿದ್ದ. ಅವನು ಹಾಗೆ ಹೇಳಿದ ಮೇಲೆ ಅವಳ ಕಣ್ಣಿಗೆ ಅದು ಬೇರೆ ತರಹ ಕಾಣಲೇ ಇಲ್ಲ.

ಈಗ ಅವಳು ವಿಡಿಯೋವನ್ನು ನಿಧಾನವಾಗಿ ಓಡಿಸಿದಳು. ಬಿಳಿ ಬಟ್ಟೆ ಹೆಗಲಿನಿಂದ ಕೆಳಗಿಳಿಯಿತು. ಒಂದು ಸಲ ಕೊಡವಿಕೊಂಡಿತು, ಎರಡು ಸಲ ಕೊಡವಿಕೊಂಡಿತು, ಮತ್ತೆ ಹೆಗಲೇರಿತು. ಆವಲಪ್ಪನ ತಲೆ ಊರಿನ ಕಡೆಗೆ ತಿರುಗಿತು. ಅವನ ಜೊತೆಗೆ ಎಂಟು ತಲೆಗಳು ತಿರುಗಿದವು, ಎಂಟೂ ನರೆತ ತಲೆಗಳು.

ತ್ಯಾಮಗೊಂಡ್ಲಿನಲ್ಲಿ ಅವಳ ತಾತ ಪಂಚಾಯ್ತಿ ಮುಗಿಸುತ್ತಿದ್ದದ್ದೂ ಹೀಗೆಯೇ. ಜಗಳ ಎಷ್ಟೇ ಜೋರಾಗಿರಲಿ, ಹಿರಿಯನಾದವನು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರೆ ಮಾತು ಮುಗಿಯಿತು, ಎಲ್ಲರೂ ಮನೆಗೆ ಹೋಗಿ ಎಂದರ್ಥ. ಆಮೇಲೆ ಚಕಾರವೆತ್ತುವ ಹಾಗಿಲ್ಲ. ತಾತನ ತೊಡೆಯ ಮೇಲೆ ಕೂತು ಆ ಟವೆಲಿನ ಗಾಳಿ ಮುಖಕ್ಕೆ ಹೊಡೆಸಿಕೊಂಡು ಬೆಳೆದವಳು, ಇಲಾಖೆಯ ಬಟ್ಟೆ ಹಾಕಿದ ಮೇಲೆ ಅದನ್ನೇ ಕೊಲೆಯ ಸನ್ನೆ ಎಂದು ಬರೆದುಕೊಟ್ಟಳು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಗಿತ್ತು ಅವಳ ಪಾಡು.

ಬಿಡಿ ಅನ್ನಲು ಎದ್ದವನನ್ನೇ ಅವಳು ಹಿಡಿದು ಕೂರಿಸಿದ್ದಳು.

ಅವತ್ತೇ ಹನ್ನೊಂದು ಗಂಟೆಗೆ ದೊಡ್ಡಬಳ್ಳಾಪುರದ ಕೋರ್ಟಿಗೆ ಆವಲಪ್ಪನನ್ನು ಕರೆತರುವವರಿದ್ದರು. ಕಸ್ಟಡಿ ಮುಂದುವರಿಸುವ ಮಾಮೂಲಿ ದಿನ, ಎರಡು ನಿಮಿಷದ ಕೆಲಸ. ಅಷ್ಟರೊಳಗೆ ಹತ್ತೊಂಬತ್ತನೆಯವನ ಹೇಳಿಕೆ ಸಿಕ್ಕರೆ ಸರ್ಕಾರಿ ವಕೀಲರಿಗೆ ಹೇಳಿ, ಜಾಮೀನಿಗೆ ತಕರಾರಿಲ್ಲ ಎನ್ನಿಸಬಹುದು. ಮುದುಕ ಇವತ್ತಲ್ಲದಿದ್ದರೆ ನಾಳೆ ಮನೆಗೆ ಹೋಗಬಹುದು.

"ಈ ಹತ್ತೊಂಬತ್ತು ಯಾರು ಅಂತ ಗೊತ್ತಾಗುತ್ತಾ?"

ತಲೆ ನೋಡಿ ಹೇಳಲು ಬರುವುದಿಲ್ಲ ಎಂದಳು ಮೋನಿಷಾ. ಆದರೆ ಒಂದು ವಿಚಿತ್ರವಿತ್ತು. ಉಳಿದ ಮೂವತ್ತು ಚುಕ್ಕೆಗಳೂ ಊರಿನ ದಾರಿಯಿಂದ ಚಿತ್ರದೊಳಗೆ ಬಂದಿದ್ದವು. ಇದು ಮಾತ್ರ ಎದುರು ಮೂಲೆಯಿಂದ, ಗುಲಾಬಿ ತೋಟದ ಶೆಡ್ಡಿನ ಬಾಗಿಲಿನಿಂದ ಬಂದಿತ್ತು.

ಆ ಶೆಡ್ಡಿನ ಬೀಗದ ಕೈ ಇದ್ದದ್ದು ಒಬ್ಬನ ಬಳಿ. ಆವಲಪ್ಪನ ಅಕ್ಕನ ಮಗ ಅಂಬರೀಶ್. ಹೊಂಡವೂ ಅವನದೇ. ಗಲಾಟೆ ಕೇಳಿ ಊರಿನಿಂದ ಓಡಿಬಂದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಅವನು ಹೇಳಿಕೆಗೆ ಸಹಿ ಹಾಕಿದ್ದ.

*

ದೊಡ್ಡಬೆಳವಂಗಲ ದಾಟಿ ಎಡಕ್ಕೆ ಹೊರಳಿದರೆ ಸೂಲಗುಂಟೆ. ಜೀಪು ಶೆಡ್ಡಿನ ಮುಂದೆ ನಿಂತಾಗ ಒಂಬತ್ತು ಗಂಟೆ. ಅಂಬರೀಶ್ ಒಳಗೆ ಗುಲಾಬಿಗಳನ್ನು ಇಪ್ಪತ್ತಿಪ್ಪತ್ತು ಸೇರಿಸಿ ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ. ಇಪ್ಪತ್ತೆಂಟರ ಗಟ್ಟಿ ಆಳು, ಊರಿನ ಹುಡುಗರ ವಾಟ್ಸಾಪ್ ಗುಂಪಿಗೆ ಯಜಮಾನ. ಪೊಲೀಸರನ್ನು ಕಂಡು ಎದ್ದು ನಿಂತ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ನಲವತ್ತೇಳು ದಿನದಿಂದ ಈ ಜೀಪಿಗೇ ಕಾಯುತ್ತಿದ್ದವನ ಹಾಗಿತ್ತು ಅವನ ಮುಖ.

ಅನಸೂಯ ಅವನ ಎದುರಿನ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತಳು. ನಕ್ಷೆ ತೆಗೆಯಲಿಲ್ಲ, ಗದರಿಸಲಿಲ್ಲ. ಅವತ್ತು ಎಲ್ಲಿಂದ ಬಂದೆ ಎಂದಷ್ಟೇ ಕೇಳಿದಳು. ಅವನು ಊರಿನ ಹೆಸರು ಹೇಳಲು ಬಾಯಿ ತೆರೆದ, ಅವಳ ಕಣ್ಣು ಶೆಡ್ಡಿನ ಬಾಗಿಲ ಕಡೆ ಹೋದದ್ದನ್ನು ಕಂಡು ಹಾಗೇ ಅವಳೆದುರು ಕೂತ.

"ಆವಲಪ್ಪ ನಿಂಗೆ ಸೋದರಮಾವ ಅಲ್ವಾ?"

"ಹೂಂ."

"ಅವರು ಎದ್ದು ಟವೆಲ್ ಕೊಡವಿದ್ರೆ ನಿಮ್ಮೂರಲ್ಲಿ ಏನರ್ಥ?"

ಅಂಬರೀಶ ಕೈಯಲ್ಲಿದ್ದ ಪೇಪರನ್ನು ಮಡಿಸಿದ, ಬಿಡಿಸಿದ. "ಮುಗೀತು, ಎದ್ದೇಳ್ರಿ ಅಂತ."

"ಇದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ನೀವ್ ಕೇಳ್ಲಿಲ್ಲ ಮೇಡಂ. ನೀವೂ ನಮ್ ಕಡೆಯೋರೇ, ನಿಮ್ಗೆ ಗೊತ್ತೇ ಇರ್ತದೆ ಅಂದ್ಕಂಡೆ. ಗೊತ್ತಿದ್ದೂ ಮಾವನ್ನ ಹಿಡ್ದವ್ರೆ ಅಂದ್ರೆ ಬೇರೆ ಏನೋ ಸಿಕ್ಕಿರ್ಬೇಕು ಅಂದ್ಕಂಡೆ."

ಅವನ ಬಾಯಲ್ಲಿ ವ್ಯಂಗ್ಯವಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅದು ಇರಲಿಲ್ಲ, ಅವನು ನಿಜವಾಗಿಯೂ ಹಾಗೆಯೇ ತಿಳಿದಿದ್ದ. ಇಡೀ ಸೂಲಗುಂಟೆಯೇ ಹಾಗೆ ತಿಳಿದು ಬಾಯಿ ಹೊಲಿದುಕೊಂಡಿತ್ತೇನೋ ಎಂದು ಅವಳಿಗೆ ಅನಿಸಿತು. ಪೊಲೀಸರಿಗೆ ಗೊತ್ತಿಲ್ಲದ್ದು ಇರುತ್ತದೆ ಎಂದು ನಂಬುವವರು ಹಳ್ಳಿಯಲ್ಲಿ ಕಡಿಮೆ.

ಒಮ್ಮೆ ಶುರುವಾದ ಮೇಲೆ ಅಂಬರೀಶ ನಿಲ್ಲಲಿಲ್ಲ. ಜನ ಕರೆದದ್ದು ಮಾವನೇ. ಗೋಮಾಳ ಅಳೆಯುತ್ತಿದ್ದಾರೆ, ಇವತ್ತು ಬಿಟ್ಟರೆ ನಾಳೆ ದನ ಕಟ್ಟಲೂ ಜಾಗವಿರುವುದಿಲ್ಲ ಎಂದು ಮನೆಮನೆಗೆ ಹೇಳಿ ಕರೆಸಿದ್ದ. ಆದರೆ ಆ ಹುಡುಗನ ಮುಖ ನೋಡಿದ ಮೇಲೆ ಮಾವನ ಸಿಟ್ಟು ಇಳಿಯಿತು. ಇವನು ಕೂಲಿಗೆ ಬಂದವನು, ಇವನನ್ನು ಬಯ್ದು ಏನು ಬಂತು, ತಾಲೂಕು ಕಚೇರಿಗೆ ಹೋಗೋಣ ಎಂದ. ಟವೆಲ್ ಕೊಡವಿದ. ಹಳಬರು ಹೊರಟರು. ಹುಡುಗರು ಹೊರಡಲಿಲ್ಲ.

"ಯಾಕೆ?"

"ಈಗಿನ ಹುಡುಗ್ರಿಗೆ ಟವೆಲ್ಲು ಎಲ್ಲಿ ಗೊತ್ತು ಮೇಡಂ. ನನ್ ಮುಖ ನೋಡ್ತಿದ್ರು. ನಾನ್ ಹೊರಟಿದ್ರೆ ಅವ್ರೂ ಹೊರಡೋರು. ನಾನ್ ನಿಂತ್ಕಂಡೆ."

ಅವನ ದನಿ ಅಲ್ಲಿಗೆ ಒಡೆಯಿತು. ನಿಂತದ್ದಕ್ಕೆ ಕಾರಣವೇನೂ ಇರಲಿಲ್ಲವಂತೆ. ಮಾವ ಹೇಳಿದ ಕೂಡಲೇ ಬಾಲ ಮುದುರಿಕೊಂಡು ಹೋದರೆ ಹುಡುಗರ ಮುಂದೆ ಹಗುರವಾಗುತ್ತೇನೆ ಎಂಬುದೊಂದು ಬಿಟ್ಟರೆ. ಅಷ್ಟು ಚಿಕ್ಕ ಒಣಜಂಬಕ್ಕೆ ಒಂದು ಜೀವ ಹೋಯಿತು ಎಂದು ಅವನೇ ಹೇಳಿಕೊಂಡ. ರಾತ್ರಿ ಹೊಂಡದ ಪಂಪು ಹಾಕಲು ಈಗ ತನ್ನಿಂದ ಆಗುವುದಿಲ್ಲ, ತೋಟಕ್ಕೆ ಟ್ಯಾಂಕರಿನಲ್ಲಿ ನೀರು ತರಿಸುತ್ತಿದ್ದೇನೆ ಎಂದ. ಮಾವ ಜೈಲಿಗೆ ಹೋದ ದಿನದಿಂದ ಅತ್ತೆಯ ಮನೆಯ ಬೀದಿಯಲ್ಲಿ ಕಾಲಿಟ್ಟಿರಲಿಲ್ಲ.

ಅನಸೂಯ ಅವನು ಮೂಗು ಒರೆಸಿಕೊಳ್ಳುವವರೆಗೆ ಕಾದಳು. ತಪ್ಪು ಮಾಡಿದವರಿಬ್ಬರು ಎದುರುಬದುರು ಕೂತಿದ್ದರು, ಪ್ರಶ್ನೆ ಕೇಳುವ ಹಕ್ಕು ಮಾತ್ರ ಒಬ್ಬಳಿಗಿತ್ತು.

"ನೂಕಿದ್ದು ನೀನಾ?"

"ಇಲ್ಲ ಮೇಡಂ. ನಮ್ಮಮ್ಮನಾಣೆ ಇಲ್ಲ. ಅದು ಕೆಳಕ್ಕೆ ಬಂತು."

"ಯಾವುದು?"

"ಡ್ರೋನು. ಮೇಲೆ ನಿಂತಿದ್ದದ್ದು ಒಂದೇ ಸಲ ಗುಯ್ಯಂತ ನಮ್ ತಲೆ ಮೇಲಕ್ಕೇ ಬಂತು. ಕಿವಿ ಪಕ್ಕದಲ್ಲೇ ಹೋಯ್ತು. ನಾನ್ ಹೆದ್ರಿ ಪಕ್ಕಕ್ಕೆ ಹಾರ್ದೆ. ಸಿಟ್ ಬಂತು. ಹಿಡೀರ್ಲಾ ಅಂದೆ. ಡ್ರೋನ್ ಹಿಡೀರಿ ಅಂತ ನಾನ್ ಅಂದಿದ್ದು. ಹುಡುಗ್ರು ಅವನ್ನ ಹಿಡಿಯೋಕ್ ನುಗ್ಗಿದ್ರು. ಅವ್ನು ಹಿಂದಕ್ ಹಿಂದಕ್ ಹೋದ. ಹಿಂದೆ ಹೊಂಡ."

ಹಿಡೀರ್ಲಾ. ಏನನ್ನು ಎಂದು ಅವನು ಹೇಳಿರಲಿಲ್ಲ, ನಮ್ಮ ಮಾತಿನಲ್ಲಿ ಹೇಳಬೇಕಾಗಿಯೂ ಇಲ್ಲ. ಇನ್ನೊಂದೇ ಒಂದು ಪದ ಅವನ ಬಾಯಿಂದ ಬಂದಿದ್ದರೆ ಅಮರ್ ಇವತ್ತು ಯಾವುದೋ ಊರಿನ ಹೊಲ ಅಳೆಯುತ್ತಿದ್ದ.

ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಸಿತ್ತು. ಬಿದ್ದವನಿಗೆ ಹತ್ತಲು ಹಿಡಿತವಿಲ್ಲ, ಕೈಯಿಟ್ಟಲ್ಲೆಲ್ಲ ಜಾರುತ್ತದೆ. ಹುಡುಗರಲ್ಲಿ ಇಬ್ಬರು ಹಗ್ಗಕ್ಕೆ ಓಡಿದರಂತೆ. ಹಗ್ಗ ಬರುವಷ್ಟರಲ್ಲಿ ನೀರು ಸುಮ್ಮನಾಗಿತ್ತು.

ಡ್ರೋನ್ ಕೆಳಗಿಳಿದದ್ದು ಅನಸೂಯಳಿಗೆ ಹೊಸದಲ್ಲ. ವಿಡಿಯೋದಲ್ಲಿ ತಲೆಗಳು ಒಮ್ಮೆಲೇ ದೊಡ್ಡವಾಗುವುದನ್ನು ಅವಳೂ ಕಂಡಿದ್ದಳು. ಸುತ್ತುಗಟ್ಟಿದವರನ್ನು ಹೆದರಿಸಲು ಅಮರನೇ ಇಳಿಸಿದ ಎಂದುಕೊಂಡಿದ್ದಳು. ಪಾಪ, ಜೀವ ಉಳಿಸಿಕೊಳ್ಳಲು ಮಾಡಿದ ಉಪಾಯವೇ ಮುಳುವಾಯಿತು ಎಂದು ಮರುಗಿಯೂ ಇದ್ದಳು. ಈಗಲೂ ಅದನ್ನೇ ಅವನಿಗೆ ಹೇಳಿದಳು. ಹೆದರಿದ ಹುಡುಗ ರಿಮೋಟಿನ ಗುಂಡಿ ಒತ್ತಿದ, ಅಷ್ಟೇ ಎಂದು.

ಅಂಬರೀಶ ತಲೆಯೆತ್ತಿ ಅವಳನ್ನು ನೋಡಿದ.

"ಅವ್ನ ಕೈಲಿ ರಿಮೋಟ್ ಎಲ್ಲಿತ್ತು ಮೇಡಂ? ಎರಡೂ ಕೈ ಮುಗ್ದು ನಿಂತಿದ್ದ. ಬಿಟ್ಬುಡಿ ಅಣ್ಣಾ ಅಂತಿದ್ದ."

*

ಮೇಲಿನಿಂದ ನೋಡಿದರೆ ಅಮರನ ಟೋಪಿ ಮಾತ್ರ ಕಾಣುತ್ತಿತ್ತು. ಕೈ ಕಾಣುತ್ತಿರಲಿಲ್ಲ.

ಅನಸೂಯ ಹೊಂಡದ ದಂಡೆಗೆ ಬಂದು ನಿಂತಳು. ಅಮರನ ರಿಮೋಟ್ ಸಿಕ್ಕಿರಲಿಲ್ಲ. ಕೆಸರಿನಲ್ಲಿ ಹೂತಿರಬಹುದು ಎಂದು ಪಂಚನಾಮೆಯಲ್ಲಿ ಅವಳ ಸಿಬ್ಬಂದಿ ಬರೆದಿದ್ದರು, ಅವಳು ಓದಿ ರುಜು ಹಾಕಿದ್ದಳು. ಕಣ್ಣ ಮುಂದೆ ಕರಿಯ ಪ್ಲಾಸ್ಟಿಕ್ಕು ಅಂಚಿನಿಂದ ತಳದವರೆಗೂ ನುಣ್ಣಗೆ ಹಾಸಿತ್ತು. ನೀರು ತಿಳಿಯಾಗಿತ್ತು. ಇದರಲ್ಲಿ ಯಾವ ಕೆಸರು, ಎಲ್ಲಿಯ ಕೆಸರು. ರುಜು ಹಾಕುವಾಗ ಕಣ್ಣು ಎಲ್ಲಿಟ್ಟಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು.

ಠಾಣೆಯಲ್ಲೇ ಕೂತಿದ್ದ ಮೋನಿಷಾಗೆ ಫೋನು ಮಾಡಿದಳು. ಜನರ ಚುಕ್ಕೆಗಳ ಜೊತೆಗೆ ಡ್ರೋನನ್ನೂ ಒಂದು ಚುಕ್ಕೆ ಎಂದು ಸೇರಿಸಿ ನೋಡಲು ಹೇಳಿದಳು.

ಚಿತ್ರ ಅಲ್ಲಾಡದೆ ನಿಲ್ಲಲೆಂದು, ಕ್ಯಾಮರಾ ಕದಲಿದ್ದನ್ನೆಲ್ಲ ಮೋನಿಷಾ ಮೊದಲೇ ಲೆಕ್ಕದಿಂದ ಕಳೆದುಬಿಟ್ಟಿದ್ದಳಂತೆ. ಎಲ್ಲರೂ ಹಾಗೆಯೇ ಮಾಡುವುದಂತೆ. ನೋಡುವವನನ್ನು ಯಾರೂ ಗುಂಪಿನಲ್ಲಿ ಎಣಿಸುವುದಿಲ್ಲ.

ಕಳೆದದ್ದನ್ನು ಮತ್ತೆ ಕೂಡಿಸಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಅನಸೂಯ ಕಾದಳು. ದಂಡೆಯ ಆಚೆ ಸಪೋಟ ಮರಗಳ ಸಾಲು, ಅದರಾಚೆ ಗೋಮಾಳ, ಗೋಮಾಳದ ತುದಿಗೆ ಡಾಂಬರು ರಸ್ತೆ. ಡ್ರೋನ್ ಹೊರಟದ್ದೂ ಇಳಿದದ್ದೂ ಆ ರಸ್ತೆಯ ಬದಿಯಲ್ಲಿ. ಅಲ್ಲಿ ಒಂದು ಕಾರು ನಿಂತಿದ್ದರೆ ಇಲ್ಲಿ ಗುಂಪುಗೂಡಿದವರ ಕಣ್ಣಿಗೆ ಬೀಳುತ್ತಿರಲಿಲ್ಲ.

ಫೋನು ಬಂತು.

"ಮೇಡಂ, ಕೊನೇ ನಾಲ್ಕು ನಿಮಿಷ ಹತ್ತೊಂಬತ್ತು ಯಾರನ್ನ ಫಾಲೋ ಮಾಡ್ತಿದ್ರು ಅಂತ ಸಿಕ್ತು. ಮೂರು ಸಲ ಡ್ರೋನ್ ಪಕ್ಕಕ್ಕೆ ಸರ್ದಿದೆ, ಮೂರು ಸಲಾನೂ ಅದಾದ್ಮೇಲೇನೇ ಅವರು ಸರ್ದಿದಾರೆ. ನಾಲ್ಕನೇ ಸಲ ಕೆಳಕ್ಕೆ ಬಂದಿದೆ. ಅದು ಯಾವಾಗ್ಲೂ ಊರಿನ ಕಡೆಯಿಂದಾನೇ ಬರ್ತಿದೆ." ಅವಳು ಉಸಿರು ಎಳೆದುಕೊಂಡಳು. "ಹೆದರ್ಸಿ ಚದುರ್ಸೋಕಲ್ಲ ಮೇಡಂ. ಹೊಂಡದ ಕಡೆಗೆ ಅಟ್ತಿದಾರೆ."

ಮೂವತ್ತೊಂದು ಜನರಲ್ಲಿ ಯಾರೂ ಅಲ್ಲದ, ಚಿತ್ರದಲ್ಲಿ ಎಲ್ಲೂ ಇಲ್ಲದ ಒಬ್ಬ. ಕೈಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು. ಅದು ಯಾರೆಂಬುದು ಆಮೇಲೆ. ಮೊದಲು ಆವಲಪ್ಪ ಹೊರಗೆ ಬರಬೇಕು. ಅಂಬರೀಶನ ಹೇಳಿಕೆಯನ್ನು ಬರೆಸಿಕೊಳ್ಳಲು ಒಬ್ಬ ಪೇದೆಯನ್ನು ಶೆಡ್ಡಿನಲ್ಲಿ ಬಿಟ್ಟು ಅವಳು ಜೀಪನ್ನು ಊರೊಳಗೆ ತಿರುಗಿಸಿದಳು. ಕೋರ್ಟಿಗೆ ಒಬ್ಬಳೇ ಹೋಗಬಾರದು ಎನಿಸಿತ್ತು. ಆವಲಪ್ಪನ ಹೆಂಡತಿ ದ್ಯಾವಮ್ಮನನ್ನು ಕೂರಿಸಿಕೊಂಡು ಹೋಗಬೇಕು, ದಾರಿಯಲ್ಲಿ ತನ್ನ ತಪ್ಪು ತಾನೇ ಹೇಳಬೇಕು. ಆಕೆ ಆರು ವಾರದಿಂದ ಪ್ರತಿ ಸೋಮವಾರ ಠಾಣೆಯ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ, ಮಧ್ಯಾಹ್ನ ಎದ್ದು ಹೋಗುತ್ತಿದ್ದಳು. ಆ ಮೆಟ್ಟಿಲು ದಾಟುವಾಗ ಅನಸೂಯ ಬೇಕೆಂದೇ ಫೋನ್ ಕಿವಿಗಿಟ್ಟುಕೊಳ್ಳುತ್ತಿದ್ದಳು.

ದ್ಯಾವಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಒಳ್ಳೆಯ ಸೀರೆ ಉಟ್ಟಿದ್ದಳು, ತಲೆಗೆ ಹೂವಿತ್ತು. ಮುಖದಲ್ಲಿ ಅಳುವಿನ ಸುಳಿವೂ ಇರಲಿಲ್ಲ.

"ನೀವೂ ಕೋಲ್ಟಿಗಾ ತಾಯಿ? ಬನ್ನಿ ಮತ್ತೆ. ಇವತ್ತು ನಮ್ಮೆಜಮಾನ್ರು ತಪ್ಪು ಒಪ್ಕಂಬುಡ್ತಾರಂತೆ. ಒಪ್ಕಂಡ್ರೆ ಬೇಗ ಬುಡ್ತಾರಂತೆ."

ಅನಸೂಯ ಆಕೆಯ ಕೈ ಹಿಡಿದುಕೊಂಡಳು. ಹಾಗೆಂದು ಹೇಳಿದವರು ಯಾರು ಎಂದು ಕೇಳಿದಳು. ಲಾಯರ್ ಎಂದಳು ದ್ಯಾವಮ್ಮ. ಒಪ್ಪಿಕೊಂಡರೆ ಬಿಡುವುದಿಲ್ಲ, ಇನ್ನೂ ಹತ್ತು ವರ್ಷ ಒಳಗೆ ಹಾಕುತ್ತಾರೆ ಎಂದು ಅನಸೂಯ ಬಿಡಿಸಿ ಹೇಳಿದರೂ ಆಕೆ ನಂಬಲಿಲ್ಲ. ನಂಬುವುದಾದರೂ ಹೇಗೆ, ಹೇಳುತ್ತಿದ್ದವಳು ಗಂಡನಿಗೆ ಕೋಳ ಹಾಕಿ ಕರೆದುಕೊಂಡು ಹೋದವಳು. ಜನ ಕರೆದವನು ನಾನು, ಆದದ್ದಕ್ಕೆ ನಾನೇ ಹೊಣೆ ಎಂದು ಅವರು ಮೊದಲ ದಿನದಿಂದಲೂ ಹೇಳುತ್ತಲೇ ಇದ್ದಾರಲ್ಲ ಎಂದಳು ದ್ಯಾವಮ್ಮ.

"ಆ ಲಾಯರನ್ನ ನಿಮಗೆ ಯಾರು ಕೊಡಿಸಿದ್ದು ಅವ್ವಾ?"

"ಆ ಹುಡುಗ ಕಣಮ್ಮ, ವಿಜಯ. ಸತ್ತೋದ್ನಲ್ಲ, ಅವ್ನ ಜತೆಗಾರ. ಧರ್ಮಾತ್ಮ. ವಾರಕ್ಕೊಂದ್ ಸಲ ಬಂದು ಇಲ್ಲೇ ಜಗುಲಿ ಮ್ಯಾಲೆ ಕುಂತ್ಕಂಡು ಅಳ್ತಾನೆ. ನಿಮ್ಮೆಜಮಾನ್ರು ಕೈ ಇಕ್ಕಿಲ್ಲ ಕಣವ್ವ, ಟವೆಲ್ ಕೊಡವಿ ಹೊಂಟೋದ್ರು, ನಾನ್ ಕಣ್ಣಾರೆ ಕಂಡಿವ್ನಿ ಅಂತ ನನ್ ತಲೆ ಮುಟ್ಟಿ ಹೇಳವ್ನೆ."

ಕಣ್ಣಾರೆ. ಅವತ್ತು ಸುದ್ದಿ ಬರುವವರೆಗೂ ಅರಿಶಿನಕುಂಟೆ ಬಿಟ್ಟು ಕದಲಲೇ ಇಲ್ಲ ಎಂದು ಸಹಿ ಹಾಕಿಕೊಟ್ಟವನು.

ಅನಸೂಯ ಜೀಪಿನ ಕಡೆ ಓಡುತ್ತಲೇ ಕೋರ್ಟ್ ಪೇದೆ ಮುನಿರಾಜ್‌ಗೆ ಫೋನ್ ಹಚ್ಚಿದಳು. ಆವಲಪ್ಪನನ್ನು ಒಳಗೆ ಬಿಡಬೇಡ, ನಾನು ಬರುವವರೆಗೆ ಹೇಗಾದರೂ ತಡೆ ಎಂದಳು.

ಮುನಿರಾಜ್ ದನಿ ತಗ್ಗಿಸಿದ್ದ. ಅವನ ಹಿಂದೆ ಯಾರೋ ನಿಧಾನವಾಗಿ, ತಡೆತಡೆದು ಮಾತಾಡುವುದು ಕೇಳಿಸುತ್ತಿತ್ತು.

"ಇವತ್ತು ಜಡ್ಜ್ ಸಾಹೇಬ್ರು ಬೇಗ ಕೂತ್ಬಿಟ್ರು ಮೇಡಂ. ನಮ್ಮ ಕೇಸೇ ಮೊದ್ಲು ಕರೆದ್ರು. ಆವಲಪ್ಪ ಆಗ್ಲೇ ಹೇಳ್ತಿದಾನೆ, ಬರ್ಕೊಳ್ತಿದಾರೆ."